ಕಿರಿಯ ಕ್ರಿಕೆಟಿಗರ ಯಶಸ್ಸಿನ ಮುನ್ನೋಟ (ಕರ್ನಾಟಕ)

ಕರ್ನಾಟಕದ ವಯೋಮಿತಿ ಕ್ರಿಕೆಟ್‌ನಲ್ಲಿ ಮಿಂಚಿದ ಆಟಗಾರರ ಪೈಕಿ ಯಾರು ಮುಂದೆ ರಣಜಿ ಟ್ರೋಫಿ, ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಹಾಗೂ ಭಾರತ ತಂಡದ ಮಟ್ಟದಲ್ಲಿ ನೆಲೆಯೂರುತ್ತಾರೆ ಎಂಬುದನ್ನು ಮೊದಲೇ ಗುರುತಿಸುವ ಪ್ರಯತ್ನವನ್ನು ಕಿರಿಯ ಕ್ರಿಕೆಟಿಗರ ಯಶಸ್ಸಿನ ಮುನ್ನೋಟ ಎನ್ನಬಹುದು. ಆಯ್ಕೆಗಾರರು, ತರಬೇತುದಾರರು ಮತ್ತು ಐಪಿಎಲ್ ತಂಡಗಳ ಪ್ರತಿಭಾ ಶೋಧಕರು ಇದನ್ನು ವೃತ್ತಿಯಾಗಿ ಮಾಡುತ್ತಾರೆ. ಮಗನನ್ನೋ ಮಗಳನ್ನೋ ಆಟಕ್ಕೆ ಬಿಡಬೇಕೇ, ಓದಿಗೆ ಹಚ್ಚಬೇಕೇ ಎಂದು ತೂಗಿ ನೋಡುವ ಮನೆಯವರೂ ಅದನ್ನೇ ಮಾಡುತ್ತಾರೆ. ಅವರ ಕೈಯಲ್ಲಿ ಅಂಕಿಅಂಶಗಳು ಕಡಿಮೆ, ಪಣಕ್ಕಿಡುವುದು ಹೆಚ್ಚು. ರಾಜ್ಯದ ಕಳೆದ ಎರಡು ದಶಕಗಳ ಅನುಭವವನ್ನು ಗಮನಿಸಿದರೆ, ಕಿರಿಯರ ಮಟ್ಟದ ಸಾಧನೆಯು ಪ್ರತಿಭೆ ಇದೆ ಎಂಬುದನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ; ಆ ಪ್ರತಿಭೆಗೆ ಮುಂದೆ ಎಂಥ ಅವಕಾಶ ಎಷ್ಟು ಬಾರಿ ದೊರೆಯುತ್ತದೆ ಎಂಬುದನ್ನು ಅದು ಹೇಳಲಾರದು. ಹೆಚ್ಚಿನ ಮುನ್ನೋಟಗಳು ತಪ್ಪುವುದು ಇಲ್ಲಿಯೇ.

ಏಣಿಯ ಮೆಟ್ಟಿಲುಗಳು

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ (ಬಿಸಿಸಿಐ) ನಡೆಸುವ ಹುಡುಗರ ಪಂದ್ಯಾವಳಿಗಳಲ್ಲಿ 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19 ವರ್ಷದೊಳಗಿನವರಿಗೆ ಹಲವು ದಿನಗಳ ಕೂಚ್ ಬೆಹಾರ್ ಟ್ರೋಫಿ ಮತ್ತು ಏಕದಿನದ ವಿನೂ ಮಂಕಡ್ ಟ್ರೋಫಿ, 23 ವರ್ಷದೊಳಗಿನವರಿಗೆ ಸಿ.ಕೆ. ನಾಯ್ಡು ಟ್ರೋಫಿ ಮುಖ್ಯವಾದವು. ಇವುಗಳಿಗೆ ರಾಜ್ಯ ತಂಡವನ್ನು ಆರಿಸುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ). ಸಂಸ್ಥೆಯ ವಲಯ ವ್ಯವಸ್ಥೆಯಲ್ಲಿ ಬೆಳಗಾವಿ ಜಿಲ್ಲೆ ಧಾರವಾಡ ವಲಯಕ್ಕೆ ಸೇರಿದೆ. 2009ರಿಂದ 2019ರವರೆಗೆ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್ ಮತ್ತು 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿ ರಾಜ್ಯದ ಆಟಗಾರರು ಐಪಿಎಲ್ ಶೋಧಕರ ಕಣ್ಣಿಗೆ ಬೀಳುವ ಮತ್ತೊಂದು ದಾರಿಯನ್ನು ತೆರೆದವು.

ಒಂದು ಕಾಲದಲ್ಲಿ ಈ ಏಣಿಯಲ್ಲಿ ಕಾಲೇಜಿಗೂ ಗಟ್ಟಿಯಾದ ಸ್ಥಾನವಿತ್ತು. ಅಂತರ ವಿಶ್ವವಿದ್ಯಾಲಯ ರೋಹಿಂಟನ್ ಬಾರಿಯಾ ಟ್ರೋಫಿಯಲ್ಲಿ ಆಡಿದವರನ್ನು ರಣಜಿ ಆಯ್ಕೆಗಾರರು ಆಸಕ್ತಿಯಿಂದ ಗಮನಿಸುತ್ತಿದ್ದರು. ರಾಹುಲ್ ದ್ರಾವಿಡ್ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗಲೇ, 1991ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ರಣಜಿ ಪದಾರ್ಪಣೆ ಮಾಡಿ 82 ರನ್ ಗಳಿಸಿದರು. ಅಲ್ಲಿಂದ ಲಾರ್ಡ್ಸ್‌ನಲ್ಲಿ ಟೆಸ್ಟ್ ಪದಾರ್ಪಣೆಗೆ, ಅಂದರೆ 1996ಕ್ಕೆ, ಐದು ವರ್ಷ ಹಿಡಿಯಿತು. ಇಂದು ಕಾಲೇಜು ತಂಡದ ಸಾಧನೆಯೊಂದನ್ನೇ ನೋಡಿ ಯಾರನ್ನೂ ರಾಜ್ಯ ತಂಡಕ್ಕೆ ಕರೆಯುವುದಿಲ್ಲ. ಆಯ್ಕೆಯ ಕಣ್ಣು ಹದಿನಾರು, ಹತ್ತೊಂಬತ್ತರ ವಯೋಮಿತಿ ತಂಡಗಳ ಮೇಲಿದೆ. ಮುನ್ನೋಟವನ್ನು ಎಷ್ಟು ಬೇಗ ಮಾಡುತ್ತೇವೆಯೋ ಅದು ತಪ್ಪುವ ಸಂಭವವೂ ಅಷ್ಟೇ ಹೆಚ್ಚು ಎಂಬುದನ್ನು ಈ ಬದಲಾವಣೆ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಒಂದು ದೊಡ್ಡ ಇನಿಂಗ್ಸ್ ಹೇಳುವುದೇನು

2024ರ ಜನವರಿಯಲ್ಲಿ ಶಿವಮೊಗ್ಗದ ಕೆಎಸ್‌ಸಿಎ ಮೈದಾನದಲ್ಲಿ ನಡೆದ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕದ ಆರಂಭಿಕ ಆಟಗಾರ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಔಟಾಗದೆ 404 ರನ್ ಹೊಡೆದರು. ಆ ಪಂದ್ಯಾವಳಿಯ ಫೈನಲ್‌ನಲ್ಲಿ ಅದುವರೆಗಿದ್ದ ಅತಿ ದೊಡ್ಡ ಮೊತ್ತ ಯುವರಾಜ್ ಸಿಂಗ್ ಅವರ 358. ಮುಂಬೈ 380ಕ್ಕೆ ಆಲೌಟಾಗಿತ್ತು. ಕರ್ನಾಟಕ 8 ವಿಕೆಟ್‌ಗೆ 890 ರನ್ ಪೇರಿಸಿ ಮೊದಲ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದಿತು. ಪ್ರಖರ್ ಎದುರಿಸಿದ ಎಸೆತಗಳು 638.

ಈ ಇನಿಂಗ್ಸ್‌ನಿಂದ ಏನನ್ನು ತಿಳಿಯಬಹುದು? ಆ ವಯಸ್ಸಿನಲ್ಲಿ ಅಷ್ಟು ಹೊತ್ತು ಏಕಾಗ್ರತೆ ಉಳಿಸಿಕೊಳ್ಳುವುದು ಅಪರೂಪ ಎಂಬುದಂತೂ ನಿಶ್ಚಿತ. ಆದರೆ ಎದುರಿನ ಬೌಲರ್‌ಗಳೂ ಅದೇ ವಯಸ್ಸಿನವರು. ಹಿರಿಯರ ಕ್ರಿಕೆಟ್‌ನ ವೇಗವೂ ಉದ್ದೇಶಪೂರ್ವಕವಾದ ಬೌನ್ಸರ್‌ಗಳೂ ಅವರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಗಮನಾರ್ಹ ಸಂಗತಿಯೆಂದರೆ, ಅದೇ ಫೈನಲ್‌ನಲ್ಲಿ ಸೋತ ತಂಡದ ಪರ ಶತಕ ಹೊಡೆದ ಆಯುಷ್ ಮ್ಹಾತ್ರೆ ಮರುವರ್ಷವೇ, 2025ರಲ್ಲಿ, ಚೆನ್ನೈ ಸೂಪರ್ ಕಿಂಗ್ಸ್ ಪರ ಐಪಿಎಲ್ ಆಡಿದರು. ಸ್ಕೋರ್ ಪಟ್ಟಿಯನ್ನಷ್ಟೇ ಮುಂದಿಟ್ಟುಕೊಂಡು ಇಬ್ಬರಲ್ಲಿ ಮೊದಲು ಯಾರು ಮೇಲೇರುತ್ತಾರೆ ಎಂದು ಊಹಿಸಿದ್ದವರು ಬಹುಶಃ ತಪ್ಪುತ್ತಿದ್ದರು. 638 ಎಸೆತಗಳ ತಾಳ್ಮೆಗೂ 20 ಓವರುಗಳ ಆಟಕ್ಕೂ ಬೇಕಾದ ಗುಣಗಳು ಬೇರೆ. ಮಾರುಕಟ್ಟೆ ಇಂದು ಎರಡನೆಯದಕ್ಕೆ ಬೇಗ ಬೆಲೆ ಕಟ್ಟುತ್ತದೆ.

2010ರ ಇಬ್ಬರು

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ಪರೀಕ್ಷಿಸಲು 2010ರ 19 ವರ್ಷದೊಳಗಿನವರ ವಿಶ್ವಕಪ್‌ಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ನ್ಯೂಜಿಲೆಂಡ್‌ನಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಆಡಿದ ಭಾರತ ತಂಡದಲ್ಲಿ ರಾಜ್ಯದ ಇಬ್ಬರು ಬ್ಯಾಟರ್‌ಗಳಿದ್ದರು: ಮಯಾಂಕ್ ಅಗರ್ವಾಲ್ ಮತ್ತು ಕೆ.ಎಲ್. ರಾಹುಲ್. ಭಾರತ ಆರನೆಯ ಸ್ಥಾನಕ್ಕೆ ಕುಸಿಯಿತು. ತಂಡದ ಪರ ಅತಿ ಹೆಚ್ಚು ರನ್ ಗಳಿಸಿದವರು ಮಯಾಂಕ್. ತಂಡದ ನಾಯಕ ಅಶೋಕ್ ಮೆನಾರಿಯಾ ಮುಂದೆ ಭಾರತದ ಹಿರಿಯರ ತಂಡಕ್ಕೆ ಆಡಲಿಲ್ಲ.

ಆಗ ಲಭ್ಯವಿದ್ದ ಅಂಕಿಗಳ ಪ್ರಕಾರ ಮಯಾಂಕ್ ಮುಂದಿರಬೇಕಿತ್ತು. ಟೆಸ್ಟ್ ಅಂಗಳಕ್ಕೆ ಮೊದಲು ಇಳಿದವರು ರಾಹುಲ್. ಮಂಗಳೂರಿನ ಪರಿಸರದಲ್ಲಿ ಬೆಳೆದು, ಹದಿನೆಂಟರ ಹರೆಯದಲ್ಲಿ ಓದಿಗೂ ಆಟಕ್ಕೂ ಬೆಂಗಳೂರಿಗೆ ಬಂದ ರಾಹುಲ್, ಕರ್ನಾಟಕ ಪ್ರಶಸ್ತಿ ಗೆದ್ದ 2013–14ರ ರಣಜಿ ಋತುವಿನಲ್ಲಿ 1,033 ರನ್ ಗಳಿಸಿದರು. 2014ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಅವರ ಟೆಸ್ಟ್ ಪದಾರ್ಪಣೆಯಾಯಿತು. ಆ ಪಂದ್ಯದಲ್ಲಿ ಅವರು ಗಳಿಸಿದ್ದು 3 ಮತ್ತು 1. ಅಲ್ಲಿಗೇ ಮುನ್ನೋಟ ಬರೆದಿದ್ದರೆ ಅದು ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಮುಂದಿನ ಟೆಸ್ಟ್‌ಗೂ ಅವರನ್ನು ಉಳಿಸಿಕೊಳ್ಳಲಾಯಿತು. ಸಿಡ್ನಿಯಲ್ಲಿ 110 ರನ್ ಬಂತು.

ಮಯಾಂಕ್ ಮತ್ತೆ ನಾಲ್ಕು ವರ್ಷ ಕಾಯಬೇಕಾಯಿತು. 2017ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ವಿರುದ್ಧದ ಔಟಾಗದ 304 ಸೇರಿ ಒಂದೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ರನ್ ಗಳಿಸಿದ ಮೇಲೂ ಕರೆ ಬರಲು ಒಂದು ವರ್ಷ ಹಿಡಿಯಿತು. 2018ರ ಡಿಸೆಂಬರ್ 26ರಂದು, ಅದೇ ಮೆಲ್ಬರ್ನ್ ಅಂಗಳದಲ್ಲಿ, ಪದಾರ್ಪಣೆಯಲ್ಲಿಯೇ 76 ರನ್ ಹೊಡೆದರು. ಮರುವರ್ಷ ಇಂದೋರಿನಲ್ಲಿ ಬಾಂಗ್ಲಾದೇಶದ ವಿರುದ್ಧ 243. ಒಂದೇ ರಾಜ್ಯ, ಒಂದೇ ಕಿರಿಯರ ತಂಡ, ಒಂದೇ ಅಂಗಳ, ಒಂದೇ ತಾರೀಕು; ನಡುವಿನ ಅಂತರ ಮಾತ್ರ ನಾಲ್ಕು ವರ್ಷ. ಆ ನಾಲ್ಕು ವರ್ಷಗಳನ್ನು ವಿವರಿಸಬಲ್ಲದ್ದು 2010ರ ಸ್ಕೋರ್ ಪಟ್ಟಿಯಲ್ಲಿ ಏನೂ ಇಲ್ಲ.

ಯಶಸ್ಸು ಎಂದರೇನು

ಮುನ್ನೋಟ ನಿಜವಾಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಯಾವಾಗ ಎಂಬುದೂ ಸರಳವಲ್ಲ. ಕರುಣ್ ನಾಯರ್ 2014–15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿದರು. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ, ತಮ್ಮ ಮೂರನೆಯ ಟೆಸ್ಟ್ ಇನಿಂಗ್ಸ್‌ನಲ್ಲಿಯೇ, ಔಟಾಗದೆ 303 ರನ್ ಗಳಿಸಿ, ವೀರೇಂದ್ರ ಸೆಹ್ವಾಗ್ ನಂತರ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಎರಡನೆಯ ಭಾರತೀಯರಾದರು. ಭಾರತದ ಮುಂದಿನ ಟೆಸ್ಟ್‌ನಲ್ಲಿ ಅವರಿಗೆ ಹನ್ನೊಂದರ ಬಳಗದಲ್ಲಿ ಸ್ಥಾನವಿರಲಿಲ್ಲ. 2017ರ ಮಾರ್ಚ್ ಬಳಿಕ ಟೆಸ್ಟ್ ಬಾಗಿಲು ಮುಚ್ಚಿತು. ಮುಂದೆ ಕರ್ನಾಟಕ ತಂಡದಲ್ಲಿಯೂ ಸ್ಥಾನ ಕಳೆದುಕೊಂಡು ಅವರು 2023ರಲ್ಲಿ ವಿದರ್ಭಕ್ಕೆ ಹೋದರು. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್ ಗಳಿಸಿ, 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. 2016ರಲ್ಲಿ ಕೇಳಿದ್ದರೆ ಅವರು ಗೆದ್ದವರು, 2022ರಲ್ಲಿ ಕೇಳಿದ್ದರೆ ಸೋತವರು, 2025ರಲ್ಲಿ ಕೇಳಿದ್ದರೆ ಮರಳಿ ಬಂದವರು. ಆಟಗಾರ ಒಬ್ಬನೇ, ಅಳೆಯುವ ದಿನ ಬೇರೆಯಾದಂತೆ ಉತ್ತರವೂ ಬೇರೆಯಾಗುತ್ತದೆ.

ಮನೀಶ್ ಪಾಂಡೆ ಅವರದು ಇನ್ನೊಂದು ಬಗೆ. 2008ರಲ್ಲಿ ವಿರಾಟ್ ಕೊಹ್ಲಿ ನಾಯಕತ್ವದಲ್ಲಿ ಕಿರಿಯರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಅವರು ಮರುವರ್ಷ ರಾಯಲ್ ಚಾಲೆಂಜರ್ಸ್ ಪರ ಔಟಾಗದೆ 114 ರನ್ ಗಳಿಸಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. 2016ರಲ್ಲಿ ಸಿಡ್ನಿಯಲ್ಲಿ ಏಕದಿನ ಶತಕವನ್ನೂ ಬಾರಿಸಿದರು. ಆದರೆ ಟೆಸ್ಟ್ ಆಡಲಿಲ್ಲ, ಭಾರತದ ಏಕದಿನ ತಂಡದಲ್ಲಿ ಸ್ಥಿರ ಸ್ಥಾನವೂ ದೊರೆಯಲಿಲ್ಲ. ಕೊಹ್ಲಿಯೊಂದಿಗೆ ಹೋಲಿಸಿ ಇದನ್ನು ವೈಫಲ್ಯ ಎನ್ನುವವರಿದ್ದಾರೆ. ಹದಿನೈದು ವರ್ಷಕ್ಕೂ ಮಿಕ್ಕಿ ವೃತ್ತಿಪರ ಕ್ರಿಕೆಟ್‌ನಲ್ಲಿ ಉಳಿದವರನ್ನು ವಿಫಲರೆಂದು ಕರೆಯುವ ಅಳತೆಗೋಲಿನಲ್ಲಿಯೇ ದೋಷವಿದೆ ಎನ್ನಬೇಕಾಗುತ್ತದೆ.

ಹರಾಜಿನ ಬೆಲೆ

ಐಪಿಎಲ್ ಹರಾಜು ಮುನ್ನೋಟಕ್ಕೆ ರೂಪಾಯಿಯ ರೂಪ ಕೊಡುತ್ತದೆ. ಕೊಡಗಿನ ಸ್ಪಿನ್ನರ್ ಕೆ.ಸಿ. ಕಾರಿಯಪ್ಪ ಅವರನ್ನು, ಅವರು ಇನ್ನೂ ಒಂದು ಪ್ರಥಮ ದರ್ಜೆ ಪಂದ್ಯವನ್ನೂ ಆಡದಿದ್ದಾಗ, 2015ರಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ 2.4 ಕೋಟಿ ರೂಪಾಯಿಗೆ ಕೊಂಡಿತು. ಆ ಋತುವಿನಲ್ಲಿ ಅವರು ಆಡಿದ್ದು ಒಂದೇ ಪಂದ್ಯ. 2021ರಲ್ಲಿ ಕೃಷ್ಣಪ್ಪ ಗೌತಮ್ ಅವರಿಗೆ ಚೆನ್ನೈ ಸೂಪರ್ ಕಿಂಗ್ಸ್ 9.25 ಕೋಟಿ ಕೊಟ್ಟಿತು. ಭಾರತಕ್ಕೆ ಇನ್ನೂ ಆಡದಿದ್ದ ಆಟಗಾರನಿಗೆ ಅದುವರೆಗೆ ಸಿಕ್ಕಿದ್ದ ಅತಿ ಹೆಚ್ಚಿನ ಬೆಲೆ ಅದು. ಆ ವರ್ಷ ಅವರನ್ನು ಒಂದು ಪಂದ್ಯದಲ್ಲಿಯೂ ಆಡಿಸಲಿಲ್ಲ. ಮರುವರ್ಷದ ಹರಾಜಿನಲ್ಲಿ ಅವರ ಬೆಲೆ 90 ಲಕ್ಷಕ್ಕಿಳಿಯಿತು. ಆಟವನ್ನೇ ಆಡಿಸದೆ ಬೆಲೆ ಹತ್ತನೆಯ ಒಂದು ಪಾಲಿಗೆ ಇಳಿದದ್ದು, ಮೊದಲ ಬೆಲೆಯನ್ನು ಕಟ್ಟಿದ ರೀತಿಯ ಮೇಲಿನ ಟೀಕೆಯೆಂದೇ ಓದಬಹುದು. ಇದಕ್ಕೆ ವಿರುದ್ಧವಾಗಿ, ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜಿನಲ್ಲಿ 10 ಲಕ್ಷಕ್ಕೆ ಆಯ್ಕೆಯಾದ ಶ್ರೇಯಾಂಕಾ ಪಾಟೀಲ್ 2024ರಲ್ಲಿ ರಾಯಲ್ ಚಾಲೆಂಜರ್ಸ್ ಪ್ರಶಸ್ತಿ ಗೆದ್ದಾಗ 13 ವಿಕೆಟ್‌ಗಳೊಂದಿಗೆ ಬೌಲರ್‌ಗಳ ಪಟ್ಟಿಯ ತುದಿಯಲ್ಲಿದ್ದರು.

ತಡವಾಗಿ ಬಂದವರು

ವಯೋಮಿತಿ ಏಣಿಯ ಹೊರಗಿನಿಂದ ಬಂದವರನ್ನು ಯಾವ ಮುನ್ನೋಟವೂ ಹಿಡಿಯುವುದಿಲ್ಲ. ವೇಗಿ ಅಭಿಮನ್ಯು ಮಿಥುನ್ ಹದಿನೇಳರ ವಯಸ್ಸಿನವರೆಗೆ ಡಿಸ್ಕಸ್ ಎಸೆತಗಾರರು; ಚರ್ಮದ ಚೆಂಡನ್ನು ಕೈಗೆತ್ತಿಕೊಂಡದ್ದೇ ಆ ಬಳಿಕ. 2009ರಲ್ಲಿ ಮೀರಠ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧದ ರಣಜಿ ಪದಾರ್ಪಣೆಯಲ್ಲಿ ಹ್ಯಾಟ್ರಿಕ್ ಸೇರಿ 11 ವಿಕೆಟ್ ಪಡೆದು, 2010ರ ಜುಲೈನಲ್ಲಿ ಗಾಲ್‌ನಲ್ಲಿ ಟೆಸ್ಟ್ ಆಡಿದರು. ವಿಜಯಪುರದ ರಾಜೇಶ್ವರಿ ಗಾಯಕವಾಡ ಜಾವೆಲಿನ್ ಮತ್ತು ವಾಲಿಬಾಲ್ ಆಡುತ್ತಿದ್ದು ಕ್ರಿಕೆಟ್‌ಗೆ ತಡವಾಗಿ ಬಂದವರು. 2014ರಲ್ಲಿ ಭಾರತ ತಂಡ ಸೇರಿದ ಈ ಎಡಗೈ ಸ್ಪಿನ್ನರ್, 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ತಲುಪಿಸಿದರು. ಇಬ್ಬರಲ್ಲಿಯೂ ದೇಹದ ಕಸುವು ಬೇರೆ ಆಟದಲ್ಲಿ ಮೊದಲೇ ಪಳಗಿತ್ತು. ಹದಿನಾರರ ಕ್ರಿಕೆಟ್ ಪಟ್ಟಿಯಲ್ಲಿ ಹುಡುಕಿದ್ದರೆ ಇಬ್ಬರೂ ಸಿಗುತ್ತಿರಲಿಲ್ಲ.

ವಯಸ್ಸಿನ ಲೆಕ್ಕ

ವಯೋಮಿತಿ ಕ್ರಿಕೆಟ್‌ನಲ್ಲಿ ವರ್ಷದ ಲೆಕ್ಕ ಸೆಪ್ಟೆಂಬರ್ 1ರಿಂದ ಆರಂಭವಾಗುತ್ತದೆ. ಹೀಗಾಗಿ ಸೆಪ್ಟೆಂಬರ್‌ನಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಹಿರಿಯ, ಆಗಸ್ಟ್‌ನಲ್ಲಿ ಹುಟ್ಟಿದವನು ಕಿರಿಯ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರದಲ್ಲಿಯೂ ತೋಳ್ಬಲದಲ್ಲಿಯೂ ಎದ್ದು ಕಾಣುವ ವ್ಯತ್ಯಾಸ. ಆಯ್ಕೆಗಾರರಿಗೆ ಅದು ಪ್ರತಿಭೆಯಂತೆ ಕಾಣಬಹುದು. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲಿಯೇ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಗುರುತಿಸಿದ ಪರಿಣಾಮವಿದು.

ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ಒಂದು ಸ್ಥಳೀಯ ತಿರುವಿದೆ. ಹುಟ್ಟಿದ ದಿನ ಬರೆದಿಡದ ಮನೆಗಳ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಯುವ ರೂಢಿ ಬಹುಕಾಲ ಇತ್ತು. ವಯಸ್ಸು ತುಂಬಿದೆಯೆಂದು ತೋರಿಸಲು ಮಗುವಿಗೆ ಕೆಲವು ತಿಂಗಳು ಕೂಡಿಸಿ ಬರೆದದ್ದೂ ಉಂಟು. ನಿಜವಾಗಿ ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗನಿಗೆ ಅದೇ ವರ್ಷದ ಜೂನ್ 1 ಎಂದು ದಾಖಲಾದರೆ, ತನ್ನ ಗುಂಪಿನ ಹಿರಿಯನಾಗಬೇಕಿದ್ದವನು ಮೇಲಿನ ಗುಂಪಿನ ಅತಿ ಕಿರಿಯರಲ್ಲಿ ಒಬ್ಬನಾಗುತ್ತಾನೆ. ವಯಸ್ಸು ಮರೆಮಾಚುವ ವಂಚನೆಯ ಬಗ್ಗೆ ಬಹಳ ಚರ್ಚೆ ನಡೆದಿದೆ. ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅದನ್ನು ಕಟುವಾಗಿ ಟೀಕಿಸಿದ್ದರು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ಮೂಲಕ ಮೂಳೆಯ ವಯಸ್ಸನ್ನು ಅಂದಾಜಿಸುವ ಟಿಡಬ್ಲ್ಯು3 ಪರೀಕ್ಷೆ ಬಂದದ್ದು ಆ ವಂಚನೆಯನ್ನು ತಡೆಯಲು. ದಾಖಲೆಯಿಂದಲೇ ನಷ್ಟಕ್ಕೊಳಗಾದ ಮಗುವಿಗೆ ಅದರಿಂದ ಏನೂ ಮರಳಿ ಸಿಗುವುದಿಲ್ಲ.

ಅಮೆರಿಕದ ಹೋಲಿಕೆ

ಇದೇ ಸಮಸ್ಯೆಯನ್ನು ಬಹಳ ಹಣ ಸುರಿದು ಅಧ್ಯಯನ ಮಾಡಿರುವ ಆಟ ಅಮೆರಿಕನ್ ಫುಟ್‌ಬಾಲ್. ಅಲ್ಲಿ ತಂಡದ ಆಕ್ರಮಣವನ್ನು ನಡೆಸುತ್ತ ಚೆಂಡನ್ನು ಎಸೆಯುವ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಕಾಲೇಜು ತಂಡಗಳಲ್ಲಿ ಆಡಿದವರನ್ನು ವೃತ್ತಿಪರ ತಂಡಗಳು ಪ್ರತಿವರ್ಷ ಸರದಿಯಂತೆ ಆರಿಸಿಕೊಳ್ಳುತ್ತವೆ. 1998ರಲ್ಲಿ ಮೊದಲ ಆಯ್ಕೆಯಾದ ಪೇಟನ್ ಮ್ಯಾನಿಂಗ್ ದಿಗ್ಗಜರಾದರೆ, ಎರಡನೆಯವರಾದ ರಯಾನ್ ಲೀಫ್ ಕೆಲವೇ ವರ್ಷಗಳಲ್ಲಿ ಮರೆಯಾದರು. 2000ದಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದರು. 2022ರ ಕಟ್ಟಕಡೆಯ, 262ನೆಯ ಆಯ್ಕೆ ಬ್ರಾಕ್ ಪರ್ಡಿ ಎರಡೇ ವರ್ಷದಲ್ಲಿ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. ಲೇಖಕ ಮಾಲ್ಕಮ್ ಗ್ಲಾಡ್‌ವೆಲ್ 2008ರಲ್ಲಿ ಇದನ್ನು ಒಳ್ಳೆಯ ಶಿಕ್ಷಕರನ್ನು ಮೊದಲೇ ಗುರುತಿಸುವ ಕಷ್ಟದೊಂದಿಗೆ ಹೋಲಿಸಿದ್ದರು: ಕೆಲಸಕ್ಕೆ ಇಳಿಯುವವರೆಗೆ ಆ ಕೆಲಸದ ಯೋಗ್ಯತೆ ತಿಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಎರಡು ದೇಶಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಮೆರಿಕದಲ್ಲಿ ವೃತ್ತಿಗೆ ಆಯ್ಕೆಯಾಗದ ಯುವಕನೂ ಸಾಮಾನ್ಯವಾಗಿ ಕಾಲೇಜಿನೊಳಗೆ ಇದ್ದೇ ಆಡಿರುತ್ತಾನೆ. ಇಲ್ಲಿ ಏಣಿ ಹತ್ತಲು ಹೊರಟವರು ಅನೇಕ ಬಾರಿ ಕಾಲೇಜನ್ನು ಬದಿಗಿಡಬೇಕಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ

ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಘಟಪ್ರಭಾ ಸೀಮೆಯ ಕಬ್ಬಿನ ನಾಡು. ಮೂಡಲಗಿ ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದದ್ದು. ಕುಸ್ತಿ, ಕಬಡ್ಡಿ ಇಲ್ಲಿನ ಹಳೆಯ ಆಟಗಳು. ಕ್ರಿಕೆಟ್ ಹೆಚ್ಚಾಗಿ ಕಾಣುವುದು ಟೆನಿಸ್ ಚೆಂಡಿನ ರೂಪದಲ್ಲಿ: ಕೊಯ್ಲಾದ ಹೊಲ, ಶಾಲೆಯ ಬಯಲು, ಜಾತ್ರೆಯ ಹೊತ್ತಿನ ಬಹುಮಾನದ ಪಂದ್ಯ. ಅಂಥ ಪಂದ್ಯಗಳಲ್ಲಿ ನಿಜವಾದ ವೇಗವೂ ಕೈಚಳಕವೂ ಕಾಣಸಿಗುತ್ತವೆ. ಆದರೆ ಅಲ್ಲಿಯ ಒಂದು ರನ್ನೂ ಅಧಿಕೃತ ಪಟ್ಟಿಯಲ್ಲಿ ದಾಖಲಾಗುವುದಿಲ್ಲ.

ಕೆಎಸ್‌ಸಿಎ ಬೆಳಗಾವಿಯ ಆಟೋ ನಗರದಲ್ಲಿ ನಿರ್ಮಿಸಿದ ಮೈದಾನದಲ್ಲಿ 2019ರಲ್ಲಿ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳು ಆಡಿದವು. ಬೆಳಗಾವಿಯವರೇ ಆದ ವೇಗಿ ರೋನಿತ್ ಮೋರೆ ರಾಜ್ಯದ ಪರ ರಣಜಿ ಆಡಿ, ಐಪಿಎಲ್ ತಂಡಗಳಲ್ಲಿಯೂ ಸ್ಥಾನ ಪಡೆದರು. ಆದ್ದರಿಂದ ಜಿಲ್ಲೆಯಿಂದ ದಾರಿಯೇ ಇಲ್ಲ ಎನ್ನಲಾಗದು. ಆ ದಾರಿ ಆರಂಭವಾಗುವುದು ಜಿಲ್ಲಾ ಕೇಂದ್ರದಿಂದ. ಈ ಮೂರು ತಾಲ್ಲೂಕುಗಳಿಂದ ಅಲ್ಲಿಗೆ ಸುಮಾರು 50ರಿಂದ 90 ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ ಇನ್ನೂ ಸುಮಾರು 500. ಚರ್ಮದ ಚೆಂಡು ಪುಟಿಯುವ ರೀತಿಗೂ ಟೆನಿಸ್ ಚೆಂಡು ಪುಟಿಯುವ ರೀತಿಗೂ ಸಂಬಂಧವಿಲ್ಲ. ಪ್ಯಾಡು, ಹೆಲ್ಮೆಟ್ಟು, ಒಳ್ಳೆಯ ಬ್ಯಾಟಿನ ಖರ್ಚು ಬೇರೆ. ಹದಿನಾರರೊಳಗಿನ ತಂಡದ ಆಯ್ಕೆಗೆ ಬರುವ ಹೊತ್ತಿಗೆ ನಗರದ ಅಕಾಡೆಮಿಯ ಹುಡುಗ ಹುಲ್ಲಿನ ಪಿಚ್‌ನಲ್ಲಿ ನಾಲ್ಕೈದು ವರ್ಷ ಆಡಿರುತ್ತಾನೆ. ಟೆನಿಸ್ ಚೆಂಡಿನಲ್ಲಿ ಬೆಳೆದವನಿಗೆ ನೆಟ್ಸ್‌ನಲ್ಲಿ ಸಿಗುವ ಕೆಲವೇ ಎಸೆತಗಳು ಅವನ ಮೊದಲ ಪರೀಕ್ಷೆಯೂ ಆಗಬಹುದು, ಕೊನೆಯದೂ ಆಗಬಹುದು.

ಮುನ್ನೋಟದ ತಪ್ಪುಗಳಲ್ಲಿ ಎರಡು ಬಗೆಯಿವೆ. ಆಯ್ಕೆಯಾದವನು ಸೋತರೆ ಅದು ಎಲ್ಲರಿಗೂ ಕಾಣುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ. ಆಯ್ಕೆಯಾಗದವನು ಗೆಲ್ಲಬಲ್ಲವನಾಗಿದ್ದನೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅವನ ಲೆಕ್ಕವೇ ಇಲ್ಲ. ರಾಹುಲ್ ಅವರ 3 ಮತ್ತು 1ರ ಬಳಿಕ ಸಿಡ್ನಿ ಸಿಕ್ಕಿತು, ಮಯಾಂಕ್ ಅವರ ಎಂಟು ವರ್ಷಗಳಲ್ಲಿ ಪ್ರತಿ ಋತುವೂ ಅಧಿಕೃತ ಪಟ್ಟಿಯಲ್ಲಿ ದಾಖಲಾಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿದ ಗೋಕಾಕದ ಹುಡುಗನ ಮನೆಯಲ್ಲಿ ಪಿಯುಸಿಗೆ ಯಾವ ಕಾಲೇಜು ಎಂಬ ತೀರ್ಮಾನ ಒಂದೆರಡು ತಿಂಗಳಲ್ಲಿ ಆಗಬೇಕು. ಬೆಂಗಳೂರಿಗೆ ಕಳಿಸುವುದೆಂದರೆ ಕೋಣೆ ಬಾಡಿಗೆ, ಅಕಾಡೆಮಿ ಶುಲ್ಕ, ಊಟದ ಖರ್ಚು. ಕಬ್ಬಿನ ಬಿಲ್ಲು ಬರುವ ತಿಂಗಳಿನ ಮೇಲೆ ಅವೆಲ್ಲ ನಿಂತಿರುತ್ತವೆ. ಕಾರ್ಖಾನೆಯ ಕಂತು ತಡವಾದರೆ ಅಲ್ಲಿಗೆ ಆ ವರ್ಷದ ಆಯ್ಕೆ ಪಂದ್ಯಗಳೂ ಮುಗಿದಿರುತ್ತವೆ.